ಜೇನು ಪೆಟ್ಟಿಗೆ: ಹೊಸಬರು ಅರಿಯಬೇಕಾದ ಅಳತೆ ಮತ್ತು ಆಯ್ಕೆ

ಜೇನು ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಅದರ ಸವಿ, ಇಲ್ಲವೆ ನೊಣದ ಕೊಂಡಿ. ಸವಿಯನ್ನು ಕೊಟ್ಟು ಕೊಂಡಿಯ ಭಯವನ್ನು ಕಡಿಮೆ ಮಾಡಿದ ಒಂದು ಸಾಧಾರಣ ವಸ್ತುವಿನ ಕಡೆಗೆ ನಮ್ಮ ಲಕ್ಷ್ಯ ಹೋಗುವುದು ಅಪರೂಪ. ಅದೇ ಜೇನು ಪೆಟ್ಟಿಗೆ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅಡಕೆ ತೋಟದ ಬದಿಯಲ್ಲಿ, ಮನೆಯ ಹಿತ್ತಿಲಿನಲ್ಲಿ, ಒಂದು ಕಂಬದ ಮೇಲೆ ಕುಳಿತ ಈ ಸಣ್ಣ ಮರದ ಪೆಟ್ಟಿಗೆಯನ್ನು ನಮ್ಮ ಸಹಪಾಠಿಗಳಲ್ಲಿ ಅನೇಕರು ಕಂಡಿರಬಹುದು. ಅದೇ ಮನೆಗಳ ಅಟ್ಟದ ಮೇಲೆ ಜೇಡರ ಬಲೆ ಹೊದ್ದು ಬಿದ್ದಿರುವ ಖಾಲಿ ಪೆಟ್ಟಿಗೆಗಳನ್ನೂ ಕಂಡಿರಬಹುದು. ಉತ್ಸಾಹದಿಂದ ತಂದ ಪೆಟ್ಟಿಗೆ ಒಂದೆರಡು ವರ್ಷಗಳಲ್ಲಿ ಅಟ್ಟವನ್ನು ಸೇರುವುದೇಕೆ? ‘ನಮಗೆ ಜೇನು ಒಲಿಯಲಿಲ್ಲ’ ಎಂದು ಹೇಳಿ ಸುಮ್ಮನಾಗುವುದು ಸುಲಭ. ರೋಗ, ಮಳೆ, ಹೂವಿನ ಅಭಾವ ಮುಂತಾದ ಕಾರಣಗಳಿರುವುದು ನಿಜ. ಆದರೆ ಅನೇಕ ಸಲ ಮೂಲ ಕಾರಣವು ಪೆಟ್ಟಿಗೆಯಲ್ಲಿಯೇ ಇರುತ್ತದೆ. ಪೆಟ್ಟಿಗೆಯ ಒಳಗಿನ ಅಳತೆಯ ಅರ್ಥವನ್ನು ತಿಳಿಯದೆ ಪೆಟ್ಟಿಗೆಯನ್ನು ಕೊಂಡಿರುತ್ತೇವೆ.

ಆದುದರಿಂದ ಜೇನು ಸಾಕಣೆಯ ಸಮಗ್ರ ವಿವರಣೆಗೆ ಕೈಹಾಕದೆ, ಹೊಸದಾಗಿ ಒಂದೆರಡು ಕುಟುಂಬಗಳನ್ನು ಸಾಕಬೇಕೆನ್ನುವವರಿಗೆ ಯಾವ ಸಾಮಗ್ರಿ ಬೇಕು, ಯಾವುದು ಬೇಡ, ಪ್ರತಿಯೊಂದು ಭಾಗವೂ ಏಕೆ ಹಾಗಿದೆ ಎಂಬುದನ್ನು ಮಾತ್ರ ಇಲ್ಲಿ ಯಥಾಮತಿ ವಿವರಿಸಲಾಗುವುದು.

ಯಾವ ಜೇನಿಗೆ ಪೆಟ್ಟಿಗೆ?

ನಮ್ಮ ನಾಡಿನಲ್ಲಿ ಹೆಜ್ಜೇನು, ಕೋಲುಜೇನು, ತುಡುವೆ ಜೇನು ಎಂಬ ಮೂರು ಬಗೆಯ ಜೇನುಗಳು ಪ್ರಸಿದ್ಧವಾಗಿವೆ. ಇವುಗಳ ಜೊತೆಗೆ ಕೊಂಡಿಯಿಲ್ಲದ ಪುಟ್ಟ ಮುಜಂಟಿ ಜೇನೂ ಗೋಡೆಯ ಬಿರುಕಿನಲ್ಲಿ ವಾಸಿಸುವುದುಂಟು. ಹೆಜ್ಜೇನು ಎತ್ತರದ ಮರದ ಕೊಂಬೆಗೋ ಬಂಡೆಗೋ ಒಂದೇ ಒಂದು ದೊಡ್ಡ ಎರಿಯನ್ನು ಕಟ್ಟುತ್ತದೆ. ಕೋಲುಜೇನು ಪೊದೆಯ ಕಡ್ಡಿಯೊಂದಕ್ಕೆ ಅಂಗೈಯಗಲದ ಎರಿಯನ್ನು ಕಟ್ಟುತ್ತದೆ. ಇವೆರಡೂ ಬಯಲಿನಲ್ಲಿ, ಬೆಳಕಿನಲ್ಲಿ, ಒಂದೇ ಎರಿಯಿಂದ ಸಂಸಾರ ಮಾಡುವ ಜೀವಿಗಳಾದುದರಿಂದ ಪೆಟ್ಟಿಗೆಯ ವಾಸಕ್ಕೆ ಒಗ್ಗುವುದಿಲ್ಲ. ತುಡುವೆಯ ಸ್ವಭಾವ ಬೇರೆ. ಅದು ಮರದ ಪೊಟರೆ, ಹುತ್ತ, ಕಲ್ಲಿನ ಸಂದು ಮುಂತಾದ ಕತ್ತಲೆಯ ಜಾಗದಲ್ಲಿ ಒಂದರ ಪಕ್ಕಕ್ಕೆ ಒಂದರಂತೆ ಹಲವು ಎರಿಗಳನ್ನು ಸಮಾನಾಂತರವಾಗಿ ಇಳಿಬಿಡುತ್ತದೆ. ಈ ಸ್ವಭಾವವೇ ಅದನ್ನು ಪೆಟ್ಟಿಗೆಗೆ ಯೋಗ್ಯವನ್ನಾಗಿ ಮಾಡಿದೆ. ಯೂರೋಪಿನ ಜೇನೂ ಇದೇ ಸ್ವಭಾವದ್ದು. ಅದನ್ನು 1960ರ ದಶಕದ ಮೊದಲ ಭಾಗದಲ್ಲಿ ಪಂಜಾಬಿನ ಕಡೆ ಯಶಸ್ವಿಯಾಗಿ ನೆಲೆಗೊಳಿಸಲಾಯಿತು. ಈಗ ಕರ್ನಾಟಕದಲ್ಲಿಯೂ ಅದನ್ನು ಸಾಕುವವರಿದ್ದಾರೆ. ಆದರೆ ಹಿತ್ತಿಲಿನಲ್ಲಿ ಒಂದೆರಡು ಪೆಟ್ಟಿಗೆ ಇಡಬೇಕೆನ್ನುವ ಹೊಸಬರಿಗೆ, ಅದರಲ್ಲಿಯೂ ಮಲೆನಾಡು ಕರಾವಳಿಗಳಲ್ಲಿ, ನಮ್ಮ ನೆಲದ್ದೇ ಆದ ತುಡುವೆಯೇ ಮೇಲು. ಈ ಲೇಖನದಲ್ಲಿ ಪೆಟ್ಟಿಗೆ ಎಂದಲ್ಲೆಲ್ಲ ತುಡುವೆಯ ಪೆಟ್ಟಿಗೆ ಎಂದೇ ಭಾವಿಸಬೇಕು.

ಮಡಕೆಯಿಂದ ಪೆಟ್ಟಿಗೆಯವರೆಗೆ

ನಮ್ಮ ಹಿರಿಯರು ತುಡುವೆಯನ್ನು ಸಾಕದೆ ಇರಲಿಲ್ಲ. ಮಣ್ಣಿನ ಮಡಕೆಗೆ ಸಣ್ಣ ತೂತು ಮಾಡಿ ಮರದಲ್ಲಿಡುತ್ತಿದ್ದರು. ಟೊಳ್ಳಾದ ಮರದ ದಿಮ್ಮಿಯನ್ನು ಮನೆಯ ಬಳಿ ಇಡುತ್ತಿದ್ದರು. ನೊಣಗಳು ಬಂದು ಸೇರುತ್ತಿದ್ದವು. ಆದರೆ ಮಡಕೆಯಲ್ಲಿ ಎರಿಗಳು ಗೋಡೆಗೆ ಅಂಟಿಕೊಂಡಿರುತ್ತವೆ. ಜೇನು ಬೇಕಾದಾಗ ಎರಿಯನ್ನು ಕತ್ತರಿಸಿ ಹಿಂಡುವುದಲ್ಲದೆ ಬೇರೆ ದಾರಿ ಇರಲಿಲ್ಲ. ಹಾಗೆ ಹಿಂಡಿದಾಗ ಜೇನಿನೊಡನೆ ಮೊಟ್ಟೆ, ಹುಳು, ಪರಾಗ ಎಲ್ಲವೂ ಸೇರಿಬರುತ್ತಿದ್ದವು. ಮಕ್ಕಳನ್ನೂ ಆಹಾರವನ್ನೂ ಒಟ್ಟಿಗೆ ಕಳೆದುಕೊಂಡ ಕುಟುಂಬವು ಓಡಿಹೋಗುತ್ತಿತ್ತು ಅಥವಾ ಸಾಯುತ್ತಿತ್ತು. ಒಂದು ಸಲದ ಜೇನಿಗಾಗಿ ಒಂದು ಕುಟುಂಬವನ್ನೇ ತೆರಬೇಕಾಗಿತ್ತು.

ಪಶ್ಚಿಮ ದೇಶಗಳಲ್ಲಿಯೂ ಸ್ಥಿತಿ ಹೀಗೆಯೇ ಇತ್ತು. ಅಲ್ಲಿ ಹುಲ್ಲಿನ ಬುಟ್ಟಿಗಳಲ್ಲಿ ಜೇನನ್ನು ಸಾಕಿ, ಕೊನೆಗೆ ಗಂಧಕದ ಹೊಗೆಯಿಂದ ನೊಣಗಳನ್ನು ಕೊಂದು ಜೇನನ್ನು ತೆಗೆಯುವ ವಾಡಿಕೆ ಇತ್ತು. ಎರಿಯನ್ನು ಮುರಿಯದೆ ಗೂಡಿನ ಒಳಗನ್ನು ನೋಡುವ ದಾರಿಯನ್ನು ಅನೇಕರು ಹುಡುಕಿದರು. ಜಿನೀವಾದ ಫ್ರಾನ್ಸ್ವಾ ಹ್ಯೂಬರ್ ಎಂಬಾತನು ಪುಸ್ತಕದ ಹಾಳೆಗಳಂತೆ ತೆರೆಯಬಹುದಾದ ಗೂಡೊಂದನ್ನು ಮಾಡಿ, ತನ್ನ ಅವಲೋಕನಗಳನ್ನು 1792ರಲ್ಲಿ ಪ್ರಕಟಿಸಿದನು. ಆತನು ಕುರುಡನಾಗಿದ್ದನೆಂಬುದು ಗಮನಾರ್ಹ. ಸೇವಕನ ಕಣ್ಣುಗಳ ಮೂಲಕ ಆತನು ಜೇನಿನ ಜೀವನವನ್ನು ಕಂಡನು. ಆದರೆ ಎಲ್ಲರೂ ಬಳಸಬಹುದಾದ ಪೆಟ್ಟಿಗೆ ದೊರೆತುದು 1851ರಲ್ಲಿ, ಅಮೆರಿಕೆಯ ಲೊರೆಂಜೊ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಯಿಂದ. ಪೆಟ್ಟಿಗೆಯ ಮುಚ್ಚಳಕ್ಕೂ ಎರಿಗಳ ಮೇಲಿನ ಪಟ್ಟಿಗಳಿಗೂ ನಡುವೆ ಸುಮಾರು ಮುಕ್ಕಾಲರ ಅರ್ಧ ಅಂಗುಲ, ಎಂದರೆ 9 ಮಿಲಿಮೀಟರಿಗಿಂತ ತುಸು ಹೆಚ್ಚು, ಜಾಗ ಬಿಟ್ಟರೆ ನೊಣಗಳು ಆ ಜಾಗವನ್ನು ಅಂಟಿನಿಂದಲೂ ಮುಚ್ಚುವುದಿಲ್ಲ, ಎರಿಯನ್ನೂ ಕಟ್ಟುವುದಿಲ್ಲ, ಓಡಾಡುವ ದಾರಿಯಾಗಿ ಬಿಟ್ಟುಕೊಳ್ಳುತ್ತವೆ ಎಂಬುದು ಆತನಿಗೆ ತಿಳಿದಿತ್ತು. ಇದೇ ಅಂತರವನ್ನು ಚೌಕಟ್ಟಿನ ಎಲ್ಲ ಬದಿಗಳಲ್ಲಿಯೂ ಬಿಟ್ಟರೆ ಚೌಕಟ್ಟು ಎಲ್ಲಿಯೂ ಅಂಟದೆ ನಿಲ್ಲುವುದಲ್ಲವೆ ಎಂಬುದು ಆತನಿಗೆ ಹೊಳೆದ ವಿಚಾರ. 1852ರಲ್ಲಿ ಆ ಪೆಟ್ಟಿಗೆಗೆ ಪೇಟೆಂಟ್ ದೊರೆಯಿತು.

ಉಳಿದ ಉಪಕರಣಗಳು ಒಂದರ ಹಿಂದೊಂದು ಬಂದವು. 1857ರಲ್ಲಿ ಜರ್ಮನಿಯ ಮೆಹ್ರಿಂಗ್ ಎಂಬಾತನು ಕಣಗಳ ಅಚ್ಚೊತ್ತಿದ ಮೇಣದ ಹಾಳೆಯನ್ನು ಮಾಡಿದನು. 1865ರಲ್ಲಿ ಹ್ರುಶ್ಕಾ ಎಂಬಾತನು ಎರಿಯನ್ನು ತಿರುಗಿಸಿ ಜೇನನ್ನು ಹೊರಚಿಮ್ಮಿಸುವ ಯಂತ್ರವನ್ನು ತೋರಿಸಿದನು. 1870ರ ದಶಕದಲ್ಲಿ ಅಮೆರಿಕೆಯ ಮೋಸೆಸ್ ಕ್ವಿನ್‌ಬಿ ಎಂಬಾತನು ತಿದಿಯುಳ್ಳ ಹೊಗೆಡಬ್ಬಿಯನ್ನು ಬಳಕೆಗೆ ತಂದನು. ಸುಮಾರು ಕಾಲು ಶತಮಾನದಲ್ಲಿ ಇಂದಿನ ಜೇನು ಸಾಕಣೆಯ ಮುಖ್ಯ ಸಾಮಗ್ರಿಗಳೆಲ್ಲ ಸಿದ್ಧವಾದವು. ಇವೆಲ್ಲಕ್ಕೂ ತಾಯಿಬೇರು ಆ ಒಂದು ಸಣ್ಣ ಅಂತರವೇ.

ನಮ್ಮ ತುಡುವೆಯ ಗಾತ್ರ ಯೂರೋಪಿನ ಜೇನಿಗಿಂತ ಚಿಕ್ಕದು. ಕುಟುಂಬದ ಜನಸಂಖ್ಯೆಯೂ ಕಡಿಮೆ. ಇದಕ್ಕೆ ಹೊಂದುವಂತೆ ಚಿಕ್ಕ ಪೆಟ್ಟಿಗೆಯೊಂದನ್ನು ರೂಪಿಸಿದವರು ಫಾದರ್ ನ್ಯೂಟನ್. ಅವರು 1911ರಿಂದ 1917ರವರೆಗೆ ದಕ್ಷಿಣ ಭಾರತದ ಹಳ್ಳಿಗರಿಗೆ ಜೇನು ಸಾಕಣೆಯ ತರಬೇತಿಯನ್ನೂ ಕೊಟ್ಟರು. ಇಂದಿಗೂ ಆ ಮಾದರಿಗೆ ನ್ಯೂಟನ್ ಪೆಟ್ಟಿಗೆ ಎಂಬ ಹೆಸರೇ ಉಳಿದಿದೆ. ಅನಂತರ ಭಾರತೀಯ ಮಾನಕ ಸಂಸ್ಥೆಯು ಪೆಟ್ಟಿಗೆಗಳಿಗೆ ಗೊತ್ತಾದ ಅಳತೆಗಳನ್ನು ನಿಗದಿಮಾಡಿತು. ನಮ್ಮ ಕಡೆ ತುಡುವೆಗೆ ಬಳಕೆಯಲ್ಲಿರುವುದು ಅದರ ‘ಎ’ ಮಾದರಿ.

ಮೂರು ಅಳತೆಗಳು

ಪೆಟ್ಟಿಗೆಯನ್ನು ಅರಿಯುವುದೆಂದರೆ ಮೂರು ಅಳತೆಗಳನ್ನು ಅರಿಯುವುದು.

ಮೊದಲನೆಯದು ನೊಣದಾರಿ. ಚೌಕಟ್ಟಿಗೂ ಗೋಡೆಗೂ ನಡುವೆ, ಕೆಳಗಿನ ಚೌಕಟ್ಟಿಗೂ ಮೇಲಿನ ಚೌಕಟ್ಟಿಗೂ ನಡುವೆ ಇರಬೇಕಾದ ಅಂತರ ಇದು. ತುಡುವೆಗೆ 7ರಿಂದ 9 ಮಿಲಿಮೀಟರ್ ಸಾಕು. ಇದಕ್ಕಿಂತ ಹೆಚ್ಚಾದರೆ ‘ಇಲ್ಲಿ ಜಾಗ ಖಾಲಿ ಇದೆ’ ಎಂದು ನೊಣಗಳು ಅಡ್ಡಾದಿಡ್ಡಿಯಾಗಿ ಎರಿಯನ್ನು ಕಟ್ಟಿ ಚೌಕಟ್ಟನ್ನು ಗೋಡೆಗೆ ಬೆಸೆದುಬಿಡುತ್ತವೆ. ಕಡಿಮೆಯಾದರೆ ಅವುಗಳಿಗೆ ದಾರಿಯಿರುವುದಿಲ್ಲ. ಚೌಕಟ್ಟನ್ನು ಎತ್ತುವಾಗ ನೊಣಗಳು ಜಜ್ಜಿಹೋಗುತ್ತವೆ, ನೊಣ ತಲಪಲಾರದ ಸಂದಿನಲ್ಲಿ ಮೇಣದ ಪತಂಗ ಮೊಟ್ಟೆಯಿಡುತ್ತದೆ.

ಎರಡನೆಯದು ಎರಿಯಿಂದ ಎರಿಗೆ ಇರುವ ದೂರ. ಒಂದು ಎರಿಯ ನಡುಮಧ್ಯದಿಂದ ಪಕ್ಕದ ಎರಿಯ ನಡುಮಧ್ಯಕ್ಕೆ ತುಡುವೆಯು ಸುಮಾರು 31 ಮಿಲಿಮೀಟರ್ ಬಿಡುತ್ತದೆ. ಯೂರೋಪಿನ ಜೇನು ಸುಮಾರು 35 ಮಿಲಿಮೀಟರ್ ಬಿಡುತ್ತದೆ. ನಾಲ್ಕು ಮಿಲಿಮೀಟರಿನಿಂದ ಏನಾದೀತು ಎಂದು ಕೇಳಬಹುದು. ಎಂಟು ಚೌಕಟ್ಟುಗಳಿಗೆ ಲೆಕ್ಕ ಹಾಕಿ ನೋಡಿ. 31ರಂತೆ 248 ಮಿಲಿಮೀಟರ್; 35ರಂತೆ 280 ಮಿಲಿಮೀಟರ್. ಆ 32 ಮಿಲಿಮೀಟರಿನಲ್ಲಿ ತುಡುವೆಗೆ ಇನ್ನೊಂದು ಎರಿಯನ್ನೇ ಕಟ್ಟಬಹುದು. ಚೌಕಟ್ಟುಗಳು ದೂರ ದೂರವಿದ್ದರೆ ನೊಣಗಳು ನಾವು ಕೊಟ್ಟ ಪಟ್ಟಿಯ ಜಾಡನ್ನು ಬಿಟ್ಟು ತಮ್ಮ ಲೆಕ್ಕದಂತೆಯೇ ಎರಿ ಹಾಕುತ್ತವೆ. ಆಗ ಒಂದೇ ಎರಿ ಎರಡು ಚೌಕಟ್ಟಿಗೆ ಅಡ್ಡಲಾಗಿ ಬೆಳೆದು, ಒಂದನ್ನು ಎತ್ತಿದರೆ ಇನ್ನೊಂದು ಹರಿಯುತ್ತದೆ. ಅಂತಹ ಪೆಟ್ಟಿಗೆಯು ಹೆಸರಿಗೆ ಮಾತ್ರ ಪೆಟ್ಟಿಗೆ, ವಾಸ್ತವವಾಗಿ ಅದು ನಾಲ್ಕು ಮೂಲೆಯ ಮಡಕೆ.

ಮೂರನೆಯದು ಚೌಕಟ್ಟಿನ ಗಾತ್ರ. ನ್ಯೂಟನ್ ಪೆಟ್ಟಿಗೆಯ ಮರಿ ಚೌಕಟ್ಟಿನ ಒಳಗಿನ ಉದ್ದ ಸುಮಾರು 8 ಅಂಗುಲ, ಎತ್ತರ ಸುಮಾರು ಐದೂವರೆ ಅಂಗುಲ. ಇಂತಹವು ಏಳು ಇರುತ್ತವೆ. ‘ಎ’ ಮಾದರಿಯಲ್ಲಿ ಚೌಕಟ್ಟು ತುಸು ದೊಡ್ಡದು, ಸಂಖ್ಯೆ ಎಂಟು. ಯೂರೋಪಿನ ಜೇನಿಗೆ ಬಳಸುವ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯಲ್ಲಿ ಹತ್ತು ಚೌಕಟ್ಟುಗಳು. ಒಂದೊಂದರ ಹೊರ ಅಳತೆ 448 ಮಿಲಿಮೀಟರ್ ಉದ್ದ, 232 ಮಿಲಿಮೀಟರ್ ಎತ್ತರ. ದೊಡ್ಡ ಪೆಟ್ಟಿಗೆಯಲ್ಲಿ ಹೆಚ್ಚು ಜೇನು ಬರುವುದೆಂದು ಕೆಲವರು ತುಡುವೆಯನ್ನು ಅದರಲ್ಲಿ ಕೂಡಿಸುವುದುಂಟು. ಇದು ತಪ್ಪು ಲೆಕ್ಕ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕು: ಕಾಲು ಇದ್ದಷ್ಟೇ ಹಾಸಿಗೆ ಇರಬೇಕು. ನೊಣಗಳು ಮರಿಗಳಿಗೆ ತಮ್ಮ ಮೈಯಿಂದ ಕಾವು ಕೊಡುತ್ತವೆ. ಕಾವಲು ಕಾಯಲಾರದಷ್ಟು, ಕಾವು ಕೊಡಲಾರದಷ್ಟು ಜಾಗವಿದ್ದರೆ ಕುಟುಂಬ ಸೊರಗುತ್ತದೆ, ಖಾಲಿ ಮೂಲೆಗಳನ್ನು ಪತಂಗವೂ ಇರುವೆಯೂ ಆಕ್ರಮಿಸುತ್ತವೆ.

ಹೊಸಬರು ಒಂದು ಮಾದರಿಯನ್ನು ಆರಿಸಿಕೊಂಡ ಮೇಲೆ ಅದನ್ನು ಬಿಡಬಾರದು. ನೆರೆಯವರಲ್ಲಿ ಯಾವ ಮಾದರಿಯಿದೆಯೋ ಅದನ್ನೇ ಆರಿಸುವುದು ಜಾಣತನ. ನಿಮ್ಮ ಕುಟುಂಬದ ರಾಣಿ ಸತ್ತಾಗ ಪಕ್ಕದ ತೋಟದವರಿಂದ ಮೊಟ್ಟೆಯಿರುವ ಒಂದು ಎರಿಯನ್ನು ತಂದು ಕೊಟ್ಟರೆ ನೊಣಗಳು ಅದರಿಂದ ಹೊಸ ರಾಣಿಯನ್ನು ಬೆಳೆಸಿಕೊಳ್ಳಬಲ್ಲವು. ಆದರೆ ಆ ಚೌಕಟ್ಟು ನಿಮ್ಮ ಪೆಟ್ಟಿಗೆಯಲ್ಲಿ ಕೂಡದಿದ್ದರೆ ಆ ಉಪಕಾರ ದೊರೆಯದು. ಇದೇ ಕಾರಣದಿಂದ ಸಾಧ್ಯವಾದರೆ ಒಂದರ ಬದಲು ಎರಡು ಕುಟುಂಬಗಳಿಂದ ಆರಂಭಿಸುವುದು ಒಳ್ಳೆಯದು. ಒಂದು ಸೊರಗಿದಾಗ ಇನ್ನೊಂದರಿಂದ ಸಹಾಯ ಪಡೆಯಬಹುದು. ಎರಡನ್ನೂ ಹೋಲಿಸಿ ಯಾವುದು ಆರೋಗ್ಯ, ಯಾವುದು ಅನಾರೋಗ್ಯ ಎಂದು ತಿಳಿಯಬಹುದು.

ಪೆಟ್ಟಿಗೆಯ ಅಂಗಾಂಗಗಳು

ಕೆಳಗಿನಿಂದ ಮೇಲಕ್ಕೆ ಬರೋಣ.

ಎಲ್ಲಕ್ಕೂ ಕೆಳಗೆ ನಿಲುವು. ಒಂದು ಕಂಬವಾಗಲಿ, ನಾಲ್ಕು ಕಾಲಿನ ಪೀಠವಾಗಲಿ ಆಗಬಹುದು. ಇರುವೆ ಹತ್ತದಂತೆ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಡುವುದು ಅಥವಾ ಕಂಬಕ್ಕೆ ನೀರಿನ ತೊಟ್ಟಿಯನ್ನು ಕಟ್ಟುವುದು ರೂಢಿ. ಈ ನೀರು ಆರದಂತೆ ನೋಡಿಕೊಳ್ಳುವುದೂ, ಹುಲ್ಲುಕಡ್ಡಿಯೊಂದು ಸೇತುವೆಯಾಗದಂತೆ ನೋಡಿಕೊಳ್ಳುವುದೂ ಸಾಕುವವನ ನಿತ್ಯದ ಕೆಲಸ.

ನಿಲುವಿನ ಮೇಲೆ ಅಡಿಮಣೆ. ಇದರ ಮುಂಭಾಗ ತುಸು ಹೊರಚಾಚಿ ನೊಣಗಳು ಬಂದಿಳಿಯುವ ಜಗಲಿಯಾಗುತ್ತದೆ. ಮಳೆನೀರು ಒಳಗೆ ನಿಲ್ಲದಂತೆ ಪೆಟ್ಟಿಗೆಯನ್ನು ಮುಂದಕ್ಕೆ ಕಿಂಚಿತ್ ವಾಲಿಸಿ ಇಡಬೇಕು. ಅಡಿಮಣೆಯನ್ನು ಮೊಳೆ ಹೊಡೆದು ಬಿಗಿದಿರಬಾರದು, ಬಿಡಿಯಾಗಿ ತೆಗೆಯುವಂತಿರಬೇಕು. ಮೇಣದ ಪುಡಿ, ಕಸ ಬೀಳುವುದು ಇದರ ಮೇಲೆಯೇ; ಪತಂಗದ ಹುಳು ಬೆಳೆಯುವುದೂ ಆ ಕಸದಲ್ಲಿಯೇ. ಪೆಟ್ಟಿಗೆ ನೋಡುವಾಗಲೆಲ್ಲ ಇದನ್ನು ಕೆರೆದು ಒರೆಸಬೇಕು.

ಅದರ ಮೇಲೆ ಸಂಸಾರ ಕೋಣೆ. ಇದು ರಾಣಿಯ ಅಂತಃಪುರ, ಮಕ್ಕಳ ತೊಟ್ಟಿಲು, ಮನೆಯ ಕಣಜ. ಇಲ್ಲಿ ರಾಣಿ ಮೊಟ್ಟೆಯಿಡುತ್ತದೆ, ಮರಿಗಳು ಬೆಳೆಯುತ್ತವೆ, ಮಳೆಗಾಲದ ಊಟಕ್ಕೆ ಜೇನೂ ಪರಾಗವೂ ಸಂಗ್ರಹವಾಗುತ್ತವೆ. ಈ ಕೋಣೆಯ ಜೇನು ನೊಣಗಳದು. ನಾವು ಅದಕ್ಕೆ ಕೈಹಾಕಕೂಡದು. ಅದರ ಮೇಲೆ ಇಡುವುದು ಜೇನು ಕೋಣೆ. ಇದರ ಚೌಕಟ್ಟುಗಳ ಎತ್ತರ ಕೆಳಗಿನವುಗಳ ಸುಮಾರು ಅರ್ಧ. ಕೆಳಮನೆ ತುಂಬಿ ನೊಣಗಳು ಹೆಚ್ಚಿದಾಗ, ಹೂವಿನ ಕಾಲ ಬಂದಾಗ ಮಾತ್ರ ಇದನ್ನು ಏರಿಸಬೇಕು. ಜೇನು ಸಾಮಾನ್ಯವಾಗಿ ತನ್ನ ಭಂಡಾರವನ್ನು ಮರಿಗಳ ಮೇಲ್ಭಾಗದಲ್ಲಿ ಇಡುವ ಪ್ರಾಣಿ. ಆ ಸ್ವಭಾವವನ್ನೇ ಬಳಸಿಕೊಂಡು ಮರಿಗಳನ್ನೂ ಹೆಚ್ಚಿನ ಜೇನನ್ನೂ ಬೇರೆ ಬೇರೆ ಅಂತಸ್ತಿನಲ್ಲಿ ಇರಿಸಿರುವುದೇ ಈ ಎರಡು ಕೋಣೆಗಳ ರಹಸ್ಯ. ಮಡಕೆಯ ಜೇನಿನಲ್ಲಿ ಮರಿಯ ರಸ ಬೆರೆಯುತ್ತಿತ್ತು, ಇದರಲ್ಲಿ ಬೆರೆಯುವುದಿಲ್ಲ.

ಮೇಲೆ ಒಳಮುಚ್ಚಳ, ಅದರ ಮೇಲೆ ಮಳೆ ಬಿಸಿಲುಗಳನ್ನು ತಡೆಯುವ ಹೊರಮುಚ್ಚಳ. ಒಳಮುಚ್ಚಳದ ನಡುವೆ ಗಾಳಿಗಾಗಿ ಜಾಲರಿ ಹಾಕಿದ ಒಂದು ರಂಧ್ರವಿರುತ್ತದೆ. ಮಲೆನಾಡಿನ ಮಳೆಗೆ ಹೊರಮುಚ್ಚಳದ ಮೇಲೆ ತಗಡು ಹೊದಿಸುವುದು ಅವಶ್ಯ.

ಇವುಗಳಲ್ಲದೆ ಚೌಕಟ್ಟಿನ ಆಕಾರದ ಒಂದು ಬರಿಯ ಹಲಗೆ ಜೊತೆಗಿರಲಿ. ಕುಟುಂಬ ಚಿಕ್ಕದಿದ್ದಾಗ ನೊಣಗಳು ತುಂಬಿರುವ ಎರಿಗಳ ಪಕ್ಕಕ್ಕೆ ಈ ಅಡ್ಡಹಲಗೆಯನ್ನು ನಿಲ್ಲಿಸಿದರೆ ಕೋಣೆ ಕಿರಿದಾಗುತ್ತದೆ, ಕಾವು ಉಳಿಯುತ್ತದೆ. ಬೆಲೆ ಅತ್ಯಲ್ಪ, ಪ್ರಯೋಜನ ಅಧಿಕ.

ಕೊಳ್ಳುವಾಗ ನೋಡಬೇಕಾದುದು

ಜೇನು ಪೆಟ್ಟಿಗೆಯನ್ನು ಕೊಳ್ಳಹೋಗುವವನ ಜೇಬಿನಲ್ಲಿ ಹಣದ ಜೊತೆಗೆ ಒಂದು ಅಳತೆಕೋಲು ಇರಬೇಕು. ಮೊದಲು ಚೌಕಟ್ಟನ್ನು ಕೋಣೆಯಲ್ಲಿ ಇಳಿಬಿಟ್ಟು ಎರಡು ಪಕ್ಕಗಳ ಅಂತರವನ್ನು ಅಳೆಯಿರಿ. ಬಳಿಕ ಜೇನು ಕೋಣೆಯನ್ನು ಮೇಲಿಟ್ಟು, ಮೇಲಿನ ಚೌಕಟ್ಟಿನ ಅಡಿಪಟ್ಟಿಗೂ ಕೆಳಗಿನದರ ತಲೆಪಟ್ಟಿಗೂ ನಡುವಿನ ಜಾಗವನ್ನು ನೋಡಿ. ಅಗ್ಗದ ಪೆಟ್ಟಿಗೆಗಳು ಸಾಮಾನ್ಯವಾಗಿ ಸೋಲುವುದು ಇಲ್ಲಿಯೇ. ಒಂದನೆಯ ಚೌಕಟ್ಟನ್ನು ಏಳನೆಯದರ ಜಾಗದಲ್ಲಿಟ್ಟು ನೋಡಿ. ಎಲ್ಲವೂ ಎಲ್ಲ ಕಡೆಯೂ ಸಲೀಸಾಗಿ ಕೂಡಬೇಕು. ಚೌಕಟ್ಟಿನ ಮೂಲೆಗಳು ನೇರವಾಗಿರಬೇಕು. ಸಮನೆಲದ ಮೇಲೆ ಇಟ್ಟಾಗ ಪೆಟ್ಟಿಗೆ ಕುಂಟಬಾರದು.

ಮರ ಚೆನ್ನಾಗಿ ಒಣಗಿದುದಾಗಿರಬೇಕು. ಹಸಿ ಹಲಗೆಯಲ್ಲಿ ಮಾಡಿದ ಪೆಟ್ಟಿಗೆ ಅಂಗಡಿಯಲ್ಲಿ ಸರಿಯಾದ ಅಳತೆಯಲ್ಲಿದ್ದರೂ ಒಂದು ಬೇಸಗೆ ಕಳೆಯುವಷ್ಟರಲ್ಲಿ ಸೊಟ್ಟಗಾಗಿ ನೊಣದಾರಿಯನ್ನೇ ಕಳೆದುಕೊಳ್ಳುತ್ತದೆ. ತೇಗವಾಗಲಿ ಹಲಸಾಗಲಿ ಆಗಬಹುದು. ಕಟುವಾದ ವಾಸನೆಯ ಮರ ಬೇಡ. ಹೊರಮೈಗೆ ಮಾತ್ರ ಬಣ್ಣ ಬಳಿಯಬಹುದು; ಒಳಗೆ ಬಳಿಯಕೂಡದು. ಹೊಸ ಬಣ್ಣದ ವಾಸನೆ ಪೂರ್ಣವಾಗಿ ಆರುವವರೆಗೆ ನೊಣಗಳನ್ನು ಬಿಡಬಾರದು.

ಊರಿನ ಬಡಗಿಯಿಂದಲೇ ಮಾಡಿಸಬಹುದೆ? ಅವಶ್ಯವಾಗಿ ಮಾಡಿಸಬಹುದು. ಆದರೆ ಆತನಿಗೆ ಬಾಯಿಮಾತಿನ ಅಳತೆ ಹೇಳದೆ, ಸರಿಯಾದ ಒಂದು ಪೆಟ್ಟಿಗೆಯನ್ನೇ ಮಾದರಿಯಾಗಿ ಕೊಡಬೇಕು. ಬಾಗಿಲು ಕಿಟಕಿಗಳಲ್ಲಿ ಒಂದೆರಡು ನೂಲು ಹೆಚ್ಚು ಕಡಿಮೆಯಾದರೆ ಮರದ ಚಕ್ಕೆ ತುಂಬಿ ಸರಿಮಾಡಬಹುದು. ಇಲ್ಲಿ ಆ ಎರಡು ನೂಲಿನಲ್ಲಿಯೇ ಎಲ್ಲವೂ ಇದೆ ಎಂಬುದನ್ನು ಆತನಿಗೆ ತಿಳಿಸಿ ಹೇಳಬೇಕು. ‘ಯಜಮಾನರೆ, ಹುಳ ಇರೋ ಪೆಟ್ಟಿಗೆಗೆ ಇಷ್ಟೊಂದು ಅಳತೆ ಯಾಕೆ?’ ಎಂದು ಆತನು ನಕ್ಕರೆ ನಗಲಿ. ಕಾರಣ ತಿಳಿದ ಮೇಲೆ ಬಡಗಿಯಷ್ಟು ಚೆನ್ನಾಗಿ ಅದನ್ನು ಮೆಚ್ಚುವವರು ಬೇರೆ ಇಲ್ಲ.

ಹಳೆಯ ಪೆಟ್ಟಿಗೆ ಅಗ್ಗಕ್ಕೆ ದೊರೆತರೆ ಎಚ್ಚರ ಬೇಕು. 1991–92ರ ಸುಮಾರಿಗೆ ದಕ್ಷಿಣ ಭಾರತದ ತುಡುವೆಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ತಗಲಿ, ಕೇರಳ ಕರ್ನಾಟಕಗಳಲ್ಲಿ ಸಾಕಿದ ಕುಟುಂಬಗಳ ಬಹುಪಾಲು ನಾಶವಾಯಿತು. ಬೆಳೆದ ಹುಳುಗಳು ನೀರು ತುಂಬಿದ ಪುಟ್ಟ ಚೀಲಗಳಂತಾಗಿ ಕಣಗಳಲ್ಲಿಯೇ ಸಾಯುವುದು ಇದರ ಲಕ್ಷಣ. ಪೀಳಿಗೆಗಳಿಂದ ಜೇನು ಸಾಕಿದ ಮನೆಗಳಲ್ಲಿ ಕೂಡ ಪೆಟ್ಟಿಗೆಗಳು ಅಟ್ಟ ಸೇರಿದುದು ಆ ಕಾಲದಲ್ಲಿ. ಆ ಬಳಿಕ ಉಳಿದ ಕುಟುಂಬಗಳಿಂದ ತುಡುವೆ ಮೆಲ್ಲಗೆ ಚೇತರಿಸಿಕೊಂಡಿತು. ಆದರೆ ರೋಗವು ಪೂರ್ಣವಾಗಿ ಹೋಗಿಲ್ಲ. ಆದುದರಿಂದ ಹಳೆಯ ಎರಿಗಳನ್ನು ಎಂದಿಗೂ ಕೊಳ್ಳಬಾರದು. ಬರಿಯ ಪೆಟ್ಟಿಗೆಯನ್ನು ಕೊಂಡರೂ ಚೆನ್ನಾಗಿ ಕೆರೆದು, ತೊಳೆದು, ಹಲವು ದಿನ ಬಿಸಿಲಿನಲ್ಲಿ ಒಣಗಿಸಿದ ಮೇಲೆಯೇ ಬಳಸಬೇಕು. ಕುಟುಂಬವನ್ನು ಕೊಳ್ಳುವಾಗ ಮುಚ್ಚಳ ತೆಗೆಸಿ ಮರಿಗಳನ್ನು ಕಣ್ಣಾರೆ ನೋಡಿಯೇ ಕೊಳ್ಳಬೇಕು. ಆರೋಗ್ಯವುಳ್ಳ ಹುಳು ಮುತ್ತಿನಂತೆ ಬೆಳ್ಳಗೆ ಹೊಳೆಯುತ್ತದೆ.

ಕೈಯಲ್ಲಿ ಇರಬೇಕಾದ ಉಪಕರಣಗಳು

ಹೊಗೆಡಬ್ಬಿ ಮೊದಲನೆಯದು. ತಗಡಿನ ಡಬ್ಬಿಯೊಂದಕ್ಕೆ ಚರ್ಮದ ಸಣ್ಣ ತಿದಿಯನ್ನು ಜೋಡಿಸಿರುತ್ತಾರೆ. ತೆಂಗಿನ ನಾರು, ಒಣಗಿದ ಅಡಕೆ ಸಿಪ್ಪೆ, ಹಳೆಯ ಗೋಣಿಯ ತುಂಡು ಇದಕ್ಕೆ ಸಾಕು. ಸೀಮೆಎಣ್ಣೆ, ಪ್ಲಾಸ್ಟಿಕ್ ಮೊದಲಾದುವನ್ನು ಹಾಕಬಾರದು. ಹೊಗೆಯಿಂದ ನೊಣ ಸುಮ್ಮನಾಗುವುದೇಕೆ? ಎರಡು ಕಾರಣಗಳಿವೆ. ಹೊಗೆ ಬಂದೊಡನೆ ನೊಣಗಳು ಹೊಟ್ಟೆತುಂಬ ಜೇನು ಕುಡಿಯತೊಡಗುತ್ತವೆ. ಎರಡನೆಯದಾಗಿ, ಒಂದು ನೊಣ ಕುಟುಕಿದಾಗ ಬಾಳೆಹಣ್ಣನ್ನು ಹೋಲುವ ಒಂದು ವಾಸನೆ ಹೊರಡುತ್ತದೆ. ಅದು ಉಳಿದ ನೊಣಗಳಿಗೆ ಯುದ್ಧದ ಕಹಳೆ. ಹೊಗೆಯು ಆ ವಾಸನೆಯನ್ನು ಮುಚ್ಚಿಬಿಡುತ್ತದೆ. ಹೊಗೆ ತಣ್ಣಗಿರಬೇಕು, ಸ್ವಲ್ಪವೇ ಇರಬೇಕು. ಬಾಗಿಲಲ್ಲಿ ಎರಡು ಮೂರು ಊದು ಸಾಕು. ಹೆಚ್ಚು ಹೊಗೆ ಹಾಕಿ ಕಾಡಿದರೆ ತುಡುವೆಯು ಮನೆಯನ್ನೇ ಬಿಟ್ಟು ಹೋದೀತು.

ಮುಖಕ್ಕೆ ಕಪ್ಪು ಬಲೆಯ ಮುಸುಕು ಎರಡನೆಯದು. ಬಿಳಿಯ ಬಲೆಗಿಂತ ಕಪ್ಪು ಬಲೆಯ ಮೂಲಕ ನೋಟ ಸ್ಪಷ್ಟವಾಗಿರುತ್ತದೆ. ಬಟ್ಟೆ ಮಾತ್ರ ಬಿಳಿಯದೋ ತಿಳಿಬಣ್ಣದ್ದೋ ಇರಲಿ. ಕುಟುಕಿದ ಕೊಂಡಿಯನ್ನು ಕೂಡಲೇ ಉಗುರಿನಿಂದ ಕೆರೆದು ತೆಗೆಯಬೇಕು. ಕುಟುಕಿದ ಬಳಿಕ ಉಸಿರಾಟಕ್ಕೆ ತೊಂದರೆ, ಮೈಯೆಲ್ಲ ದದ್ದು, ತಲೆಸುತ್ತು ಕಂಡುಬಂದರೆ ಮನೆಮದ್ದಿಗೆ ನಿಲ್ಲದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಂತಹವರು ಈ ಹವ್ಯಾಸಕ್ಕೆ ಕೈಹಾಕದಿರುವುದೇ ಕ್ಷೇಮ.

ಚೌಕಟ್ಟನ್ನು ಮೀಟಲು ಒಂದು ಚಪ್ಪಟೆ ಉಳಿ, ನೊಣಗಳನ್ನು ಮೃದುವಾಗಿ ಸರಿಸಲು ಒಂದು ಬ್ರಷ್, ಒಂದು ಚೂಪಾದ ಚಾಕು ಬೇಕು. ಯೂರೋಪಿನ ಜೇನು ಮರದ ಅಂಟನ್ನು ತಂದು ಸಂದುಗಳಿಗೆ ಮೆತ್ತುತ್ತದೆ. ತುಡುವೆ ಹಾಗೆ ಮಾಡುವುದಿಲ್ಲ. ಆದುದರಿಂದ ಭಾರವಾದ ಮೀಟುಗೋಲುಗಳ ಅಗತ್ಯ ನಮಗಿಲ್ಲ.

ಮಳೆಗಾಲದಲ್ಲಿ ಹೂವಿಲ್ಲದಾಗ ಸಕ್ಕರೆ ನೀರು ಕೊಡಲು ಒಂದು ಪಾತ್ರೆ ಬೇಕು. ಇದಕ್ಕೆ ತೆಂಗಿನ ಗೆರಟೆಗಿಂತ ಉತ್ತಮವಾದುದನ್ನು ನಾನರಿಯೆ. ಸಕ್ಕರೆಗೆ ಸಮನಾಗಿ ನೀರು ಬೆರೆಸಿ, ನೊಣಗಳು ಮುಳುಗದಂತೆ ಕೆಲವು ಒಣಕಡ್ಡಿಗಳನ್ನು ತೇಲಿಬಿಟ್ಟು, ಸಂಜೆಯ ವೇಳೆ ಪೆಟ್ಟಿಗೆಯ ಒಳಗೇ ಇಡಬೇಕು. ಹೊರಗೆ ಚೆಲ್ಲಿದರೆ ಬೇರೆ ಕುಟುಂಬಗಳು ಬಂದು ಕೊಳ್ಳೆ ಹೊಡೆಯುತ್ತವೆ.

ಮೇಣದ ಹಾಳೆಯ ವಿಷಯ ಒಂದು ಮಾತು. ಮೇಣ ಸುರಿಸಲು ನೊಣಗಳು ಅದರ ತೂಕದ ಹಲವು ಪಟ್ಟು ಜೇನನ್ನು ತಿನ್ನಬೇಕಾಗುತ್ತದೆ. ಅಚ್ಚೊತ್ತಿದ ಹಾಳೆ ಕೊಟ್ಟರೆ ಅವುಗಳ ಶ್ರಮವೂ ಉಳಿಯುತ್ತದೆ, ಎರಿಯೂ ನೇರವಾಗಿ ಬರುತ್ತದೆ. ಆದರೆ ಹಾಳೆಯ ಕಣಗಳು ತುಡುವೆಯ ಅಳತೆಗೆ ಇರಬೇಕು. ಯೂರೋಪಿನ ಜೇನಿನ ಹಾಳೆಯ ಕಣಗಳು ದೊಡ್ಡವು. ಸರಿಯಾದ ಹಾಳೆ ಸಿಗದಿದ್ದರೆ ತಲೆಪಟ್ಟಿಯ ಕೆಳಗೆ ಕರಗಿದ ಮೇಣದ ಒಂದು ಸಣ್ಣ ಗೆರೆ ಎಳೆದರೂ ನೊಣಗಳು ಆ ಜಾಡು ಹಿಡಿಯುತ್ತವೆ.

ಸದ್ಯಕ್ಕೆ ಬೇಡವಾದವು

ಹೊಸಬನ ಹಣ ವ್ಯರ್ಥವಾಗುವುದು ಸಾಮಾನ್ಯವಾಗಿ ಮೊದಲ ವರ್ಷದಲ್ಲಿಯೇ ಜೇನು ತೆಗೆಯುವ ಯಂತ್ರವನ್ನು ಕೊಳ್ಳುವುದರಿಂದ. ಯಂತ್ರ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಎರಿಯ ಕಣಗಳ ಮುಚ್ಚಳವನ್ನು ಚಾಕುವಿನಿಂದ ಕೊಯ್ದು, ಚೌಕಟ್ಟನ್ನು ಅದರಲ್ಲಿಟ್ಟು ಹಿಡಿಯನ್ನು ತಿರುಗಿಸಿದರೆ ಜೇನು ಹೊರಚಿಮ್ಮಿ ಎರಿ ಹಾಗೆಯೇ ಉಳಿಯುತ್ತದೆ. ಅದನ್ನು ಮತ್ತೆ ನೊಣಗಳಿಗೆ ಒಪ್ಪಿಸಬಹುದು. ಆದರೆ ವರ್ಷಕ್ಕೆ ಕೆಲವೇ ದಿನ ಬೇಕಾಗುವ ಈ ಯಂತ್ರವನ್ನು ಊರಿನ ನಾಲ್ಕಾರು ಮಂದಿ ಸೇರಿ ಇಟ್ಟುಕೊಳ್ಳಬಹುದು, ಇಲ್ಲವೆ ಎರವಲು ತರಬಹುದು. ಒಂದು ಮಾತು ಜ್ಞಾಪಕದಲ್ಲಿರಲಿ: ಎರಿಯ ಬಹುಪಾಲು ಕಣಗಳಿಗೆ ನೊಣಗಳು ಮೇಣದ ಮುಚ್ಚಳ ಹಾಕಿದ ಬಳಿಕವೇ ಜೇನನ್ನು ತೆಗೆಯಬೇಕು. ಮುಚ್ಚದ ಜೇನಿನಲ್ಲಿ ನೀರು ಹೆಚ್ಚು, ಅದು ಹುಳಿಯೇರುತ್ತದೆ.

ರಾಣಿತಡೆ ಬಾಗಿಲು ಎಂಬುದೊಂದಿದೆ. ಕೆಲಸದ ನೊಣ ನುಗ್ಗಬಹುದಾದ, ರಾಣಿ ನುಗ್ಗಲಾರದ ಸಂದುಗಳುಳ್ಳ ತಗಡು ಇದು. ಹೊಸದಾಗಿ ಹಿಡಿದು ತಂದ ಕುಟುಂಬ ಓಡಿಹೋಗದಂತೆ ಕೆಲವು ದಿನ ಇದನ್ನು ಬಾಗಿಲಿಗೆ ಇಡುತ್ತಾರೆ. ಅದು ಅಷ್ಟಕ್ಕೇ ಸರಿ. ಸದಾ ಇಟ್ಟರೆ ಗಂಡುನೊಣಗಳೂ ಒಳಗೇ ಸಿಕ್ಕಿಬೀಳುತ್ತವೆ. ಹೊಸ ರಾಣಿ ಹುಟ್ಟಿದ್ದರೆ ಅದು ಸಮಾಗಮಕ್ಕಾಗಿ ಹೊರಗೆ ಹಾರಲಾರದೆ ಕುಟುಂಬವೇ ನಿಸ್ಸಂತಾನವಾಗುತ್ತದೆ. ಓಡಿಹೋಗುವ ಕುಟುಂಬವನ್ನು ತಗಡಿನಿಂದ ತಡೆಯುವುದಕ್ಕಿಂತ, ಅದು ಹಸಿವಿನಿಂದಲೋ ಪತಂಗದಿಂದಲೋ ಇರುವೆಯಿಂದಲೋ ಓಡುತ್ತಿದೆ ಎಂಬುದನ್ನು ಕಂಡು ಆ ತೊಂದರೆಯನ್ನು ನಿವಾರಿಸುವುದು ವಿವೇಕ.

ಹೀಗೆ ಹೊಸಬನಿಗೆ ಬೇಕಾದುದು: ಒಂದೇ ಮಾದರಿಯ ಎರಡು ಪೆಟ್ಟಿಗೆ, ಅವುಗಳ ನಿಲುವು, ಅಡ್ಡಹಲಗೆ, ಹೊಗೆಡಬ್ಬಿ, ಮುಸುಕು, ಉಳಿ, ಬ್ರಷ್, ಚಾಕು, ಎರಡು ಗೆರಟೆ. ಮಿಕ್ಕುದೆಲ್ಲ ಅನುಭವ ಕೇಳಿದಾಗ ಕೊಂಡರಾಯಿತು.

ನೋಡುವ ಬಾಗಿಲು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಪೊಟರೆಯಲ್ಲಿ ಸುಖವಾಗಿರುವ ಜೇನಿಗೆ ಪೆಟ್ಟಿಗೆ ಏಕೆ ಬೇಕು? ನಿಜವಾಗಿ ಹೇಳಬೇಕಾದರೆ ಜೇನಿಗೆ ಪೆಟ್ಟಿಗೆ ಬೇಕಿಲ್ಲ, ಬೇಕಾಗಿರುವುದು ನಮಗೆ. ಪೆಟ್ಟಿಗೆಯು ಜೇನು ಹುಟ್ಟಿಸುವ ಯಂತ್ರವಲ್ಲ. ಒಂದು ಜೀವಿಯ ಮನೆಯನ್ನು ಕೆಡವದೆ ಒಳಗೆ ಇಣುಕಿ ನೋಡಲು, ಅದಕ್ಕೆ ಹಸಿವೆಯೋ ರೋಗವೋ ಎಂದು ತಿಳಿಯಲು, ಅದಕ್ಕೆ ಮಿಕ್ಕುದನ್ನು ಮಾತ್ರ ಪಡೆಯಲು ಮನುಷ್ಯನು ಮಾಡಿಕೊಂಡ ಬಾಗಿಲು ಅದು. ತೆಗೆಯದ ಬಾಗಿಲಿನಿಂದ ಏನು ಪ್ರಯೋಜನ? ಪೆಟ್ಟಿಗೆಯನ್ನು ಇಟ್ಟು ವಾರಗಟ್ಟಲೆ ಅತ್ತ ಸುಳಿಯದೆ, ಬೇಸಗೆಯಲ್ಲಿ ಬಾಟಲಿ ಹಿಡಿದು ಹೋಗುವವನಿಗೆ ಮಡಕೆಯೇ ಸಾಕಾಗಿತ್ತು.

ಇದರ ಫಲ ಜೇನಿನ ಬಾಟಲಿಗೆ ಮುಗಿಯುವುದಿಲ್ಲ. ಏಲಕ್ಕಿ ಕಾಯಿ ಕಟ್ಟುವುದು ನೊಣಗಳ ಓಡಾಟದಿಂದ. ಸೂರ್ಯಕಾಂತಿ, ಕುಂಬಳ, ಸೌತೆಗಳಿಗೂ ಅವುಗಳ ಸೇವೆ ಬೇಕು. ಹೂವು ಬಿಟ್ಟಾಗ ಬೆಳಗಿನ ಹೊತ್ತಿನಲ್ಲಿ ಕೀಟನಾಶಕ ಸಿಂಪಡಿಸುವ ನೆರೆಯವರೊಡನೆ ಒಂದು ಮಾತು ಆಡಿ, ಸಂಜೆಗೆ ಸಿಂಪಡಿಸುವಂತೆ ಒಪ್ಪಿಸುವುದೂ ಜೇನು ಸಾಕುವವನ ಕರ್ತವ್ಯಗಳಲ್ಲಿ ಒಂದು.

ನಮ್ಮದು ಕಲಾ ಕಾಲೇಜು. ನಮಗೂ ಇದಕ್ಕೂ ಏನು ಸಂಬಂಧ ಎಂದು ಸಹಪಾಠಿಗಳು ಕೇಳಬಹುದು. ನಮ್ಮಲ್ಲಿ ಬಹುಮಂದಿ ಹಳ್ಳಿಗಳಿಂದ ಬಂದವರು. ರಜೆಗೆ ಹಿಂದಿರುಗುವುದು ಅಂತಹ ಮನೆಗಳಿಗೇ. ಈ ಸಲ ಹೋದಾಗ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಕೆಳಗಿಳಿಸಿ, ಧೂಳು ಒರೆಸಿ, ಒಂದು ಅಳತೆಕೋಲಿನಿಂದ ಅದರ ಸಂದುಗಳನ್ನು ಅಳೆದು ನೋಡಿ. 7ರಿಂದ 9 ಮಿಲಿಮೀಟರ್ ಇದ್ದರೆ ಅದನ್ನು ತೊಳೆದು ಬಿಸಿಲಿಗಿಡಿ. ಮಳೆಗಾಲ ಕಳೆದು ತುಡುವೆಯ ಕುಟುಂಬಗಳು ಪಾಲಾಗುವ ಕಾಲ ಬಂದಾಗ ಅದಕ್ಕೆ ನಿವಾಸಿಗಳು ದೊರೆತಾರು. ಇಲ್ಲದಿದ್ದರೆ, ನಿಮ್ಮ ಮನೆಗೆ ಜೇನು ಏಕೆ ಒಲಿಯಲಿಲ್ಲ ಎಂಬ ಪ್ರಶ್ನೆಗೆ ಉತ್ತರವಾದರೂ ದೊರೆತೀತು. ಕಾಲೇಜಿನ ಹಿಂದಿನ ಬೇಲಿಯ ಬದಿಯಲ್ಲಿಯೂ ಎರಡು ಪೆಟ್ಟಿಗೆಗಳನ್ನು ಇಟ್ಟು ನಾವೇ ಸರದಿಯಂತೆ ನೋಡಿಕೊಳ್ಳಬಹುದೆಂದು ಗುರುಗಳಲ್ಲಿ ಈ ಮೂಲಕ ವಿನಂತಿಸುತ್ತೇನೆ.